ದಣಿವು ನಮ್ಮ ಹಣೆಬರಹವಲ್ಲ



ಹುಲಿಕಲ್ ನಮಗೆಲ್ಲ ಗೊತ್ತಿರುವ ಊರು. ಹೊಸನಗರ ತಾಲ್ಲೂಕಿನಲ್ಲಿ ಘಟ್ಟದ ಅಂಚಿಗೆ ಇದೆ. ಇಲ್ಲಿಂದ ಘಾಟಿ ಇಳಿದರೆ ಹೊಸಂಗಡಿ, ಮುಂದೆ ಕುಂದಾಪುರ. ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಹುಲಿಕಲ್ ಒಂದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಇನ್ನೊಂದು.

ಮಳೆಗೆ ಲೆಕ್ಕ ಇದೆ. ದಿನದಿನವೂ ಅಳೆಯುತ್ತಾರೆ. ಪತ್ರಿಕೆಯಲ್ಲಿ ಬರೆಯುತ್ತಾರೆ. ಆದರೆ ಹೆಂಗಸರ ದುಡಿಮೆಗೆ ಲೆಕ್ಕ ಇಟ್ಟವರು ಯಾರು?

ಕೋಳಿ ಕೂಗುವ ಮೊದಲೇ ಏಳಬೇಕು. ಒಲೆ ಹಚ್ಚಬೇಕು. ಕೊಟ್ಟಿಗೆಯ ಸಗಣಿ ತೆಗೆಯಬೇಕು. ನೀರು ಹೊರಬೇಕು. ಮಕ್ಕಳನ್ನು ಶಾಲೆಗೆ ಕಳಿಸಬೇಕು. ಆಮೇಲೆ ಕೂಲಿ. ಆಷಾಢದಲ್ಲಿ ಗದ್ದೆ ನಾಟಿ. ಬಗ್ಗಿದ ಬೆನ್ನು ನೆಟ್ಟಗಾಗುವುದು ಸಂಜೆಗೇ. ಚಳಿಗಾಲದಲ್ಲಿ ಅಡಿಕೆ ಸುಲಿಯುವ ಕೆಲಸ. ಕತ್ತಿಯ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯದು. ಬೇಸಿಗೆಯಲ್ಲಿ ದರಕು, ಸೊಪ್ಪು, ಕಟ್ಟಿಗೆ.

ಇಷ್ಟು ದುಡಿದರೆ ದಣಿವು ಆಗದೆ ಇರುತ್ತದೆಯೇ? ಆಗುತ್ತದೆ. ಆದರೆ ಎಲ್ಲ ದಣಿವೂ ಒಂದೇ ಅಲ್ಲ. ಅದನ್ನೇ ಈ ಪಾಠದಲ್ಲಿ ಓದೋಣ.

ಎರಡು ಬಗೆಯ ದಣಿವು

ಒಂದು ದಣಿವು ದುಡಿಮೆಯಿಂದ ಬರುತ್ತದೆ. ಹೊಟ್ಟೆ ತುಂಬ ಉಂಡು, ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಬೆಳಗ್ಗೆ ಮೈ ಹಗುರ.

ಇನ್ನೊಂದು ದಣಿವು ನಿದ್ದೆ ಮಾಡಿದರೂ ಹೋಗುವುದಿಲ್ಲ. ಏಳುವಾಗಲೇ ಸುಸ್ತು. ಏರು ಹತ್ತಿದರೆ ಏದುಸಿರು. ಎದೆ ಡವಡವ. ಕೂತು ಎದ್ದರೆ ಕಣ್ಣು ಕತ್ತಲೆ. ತಲೆನೋವು, ಕಾಲು ಸೆಳೆತ. ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಕೆಲವರಿಗೆ ಮಣ್ಣು, ಇದ್ದಿಲು, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತದೆ.

ಇಂಥ ಹೆಂಗಸನ್ನು ಜನ ಏನೆನ್ನುತ್ತಾರೆ? "ಸೋಮಾರಿ" ಅನ್ನುತ್ತಾರೆ. ಅವಳೇ ಏನೆಂದುಕೊಳ್ಳುತ್ತಾಳೆ? "ಹೆಣ್ಣು ಜನ್ಮವೇ ಇಷ್ಟು" ಅಂದುಕೊಳ್ಳುತ್ತಾಳೆ.

ಎರಡೂ ತಪ್ಪು. ಇದು ಸೋಮಾರಿತನ ಅಲ್ಲ. ಹಣೆಬರಹವೂ ಅಲ್ಲ. ಹೆಚ್ಚಿನ ಸಲ ಇದಕ್ಕೆ ಕಾರಣ ರಕ್ತಹೀನತೆ. ಅಂದರೆ ರಕ್ತದ ಶಕ್ತಿ ಕಡಿಮೆ ಆಗಿರುವುದು.

ನಾವೊಬ್ಬರೇ ಅಲ್ಲ. 2019ರಿಂದ 2021ರವರೆಗೆ ದೇಶದಲ್ಲೆಲ್ಲ ಮನೆಮನೆಯ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಇಬ್ಬರು ಕೂತಿದ್ದರೆ ಹೆಚ್ಚುಕಡಿಮೆ ಒಬ್ಬರಿಗೆ.

ರಕ್ತ ಮಾಡುವ ಕೆಲಸ

ನಾವು ಉಸಿರು ಎಳೆದುಕೊಳ್ಳುತ್ತೇವೆ. ಆ ಗಾಳಿಯಲ್ಲಿ ಆಮ್ಲಜನಕ ಇದೆ. ಅದು ಮೈಯ ಮೂಲೆ ಮೂಲೆಗೂ ಹೋಗಬೇಕು. ಕೈಗೆ, ಕಾಲಿಗೆ, ಮಿದುಳಿಗೆ ಹೋಗಬೇಕು. ಹೊತ್ತುಕೊಂಡು ಹೋಗುವುದು ರಕ್ತ.

ಬಾವಿಯಿಂದ ಮನೆಗೆ ನೀರು ಹೊರುವುದಿಲ್ಲವೇ? ಹಾಗೆಯೇ. ಹೊರಲು ಕೊಡ ಬೇಕು. ರಕ್ತದಲ್ಲಿರುವ ಆ ಕೊಡದ ಹೆಸರು ಹಿಮೋಗ್ಲೋಬಿನ್. ರಕ್ತ ಕೆಂಪಗೆ ಇರುವುದು ಅದರಿಂದಲೇ. ಕೊಡ ಕಡಿಮೆಯಾದರೆ ಓಡಾಟ ಜಾಸ್ತಿ ಆಗುತ್ತದೆ. ಅದಕ್ಕೇ ಎದೆ ಡವಡವ ಹೊಡೆದುಕೊಳ್ಳುತ್ತದೆ. ಅದಕ್ಕೇ ಏದುಸಿರು.

ಈ ಕೊಡ ಮಾಡಲು ಕಬ್ಬಿಣದ ಅಂಶ ಬೇಕು. ಜೊತೆಗೆ ಕೆಲವು ವಿಟಮಿನ್ ಬೇಕು. ಅವು ಬರುವುದು ಊಟದಿಂದ.

ರಕ್ತ ಕಡಿಮೆ ಆಗುವುದು ಏಕೆ?

ಒಂದು: ತಿಂಗಳು ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದೆ.
ಎರಡು: ಬಸಿರು, ಹೆರಿಗೆ. ಮಗುವಿನ ರಕ್ತಕ್ಕೂ ತಾಯಿಯೇ ಕಬ್ಬಿಣ ಕೊಡಬೇಕು. ಒಂದರ ಹಿಂದೆ ಒಂದು ಮಗು ಆದರೆ ಮೈ ತುಂಬಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.
ಮೂರು: ಹೊಟ್ಟೆಯ ಕೊಕ್ಕೆಹುಳು. ಇದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ.
ನಾಲ್ಕು: ಊಟ ಸಾಲದಿರುವುದು. ಅನ್ನ ಹೆಚ್ಚು, ಸೊಪ್ಪು ಕಾಳು ಕಡಿಮೆ.

ನಮ್ಮ ದೇಶದ ಪೋಷಣೆಯ ತಜ್ಞರು 2020ರಲ್ಲಿ ಒಂದು ಲೆಕ್ಕ ಕೊಟ್ಟರು. ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಮಿಲಿಗ್ರಾಂ ಬೇಕು. ಅಂದರೆ ಹೆಂಗಸಿಗೆ ಒಂದೂವರೆ ಪಾಲು.

ಈಗ ನಮ್ಮ ಮನೆಯ ಊಟದ ಸರದಿ ನೆನೆಯಿರಿ. ಮೊದಲು ಗಂಡಸರು. ಆಮೇಲೆ ಮಕ್ಕಳು. ಕೊನೆಗೆ ಹೆಂಗಸರು. ಅಷ್ಟರಲ್ಲಿ ಪಲ್ಯ ಮುಗಿದಿರುತ್ತದೆ. ಸಾರಿನ ತಳದಲ್ಲಿ ನಾಲ್ಕು ಕಾಳು ಇದ್ದರೆ ಪುಣ್ಯ. ಹೆಚ್ಚು ಬೇಕಾದವಳಿಗೆ ಕಡಿಮೆ ಸಿಗುತ್ತದೆ. ಇದು ಯಾವ ನ್ಯಾಯ?

ಒಂದು ಮನೆಯ ಮಾತು

ಘಟ್ಟದ ಮೇಲಿನ ಒಂದು ಮನೆ ಅಂದುಕೊಳ್ಳಿ. ಸೊಸೆಗೆ ಐದು ತಿಂಗಳು. ಮೇ ತಿಂಗಳ ಕೊನೆ. ಇನ್ನೇನು ಮಳೆ ಹಿಡಿಯುತ್ತದೆ. ಆಶಾ ಅಕ್ಕ ಮನೆಗೆ ಬಂದಿದ್ದಾಳೆ. ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ.

ಆಶಾ ಅಕ್ಕ: ತಂಗೀ, ನಿನ್ನ ರಕ್ತ 8.4 ಇದೆ. ಬಸುರಿಗೆ 11ಕ್ಕಿಂತ ಕಡಿಮೆ ಇರಬಾರದು.

ಅತ್ತೆ: ಅಯ್ಯೋ, ಬಸುರಿ ಅಂದ್ಮೇಲೆ ಸುಸ್ತು ಇದ್ದದ್ದೇ ಅಲ್ಲನೇ? ನಾವೆಲ್ಲ ಹೆರ್ಲಿಲ್ವಾ?

ಆಶಾ ಅಕ್ಕ: ಹೆತ್ತಿದ್ದೀರಿ ಅಮ್ಮ. ನಿಮಗೆ ಎಷ್ಟು ಹೆರಿಗೆ ಆಗಿತ್ತು?

ಅತ್ತೆ: ಆರು. ಉಳಿದದ್ದು ನಾಲ್ಕು.

(ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.)

ಅತ್ತೆ: ಕಡೇದರಲ್ಲಿ ರಕ್ತ ಹೋಗಿ ಹೋಗಿ, ನಾನೇ ಉಳಿಯೋದಿಲ್ಲ ಅಂದಿದ್ರು. ಕಂಬಳಿಯಲ್ಲಿ ಹಾಕ್ಕೊಂಡು ಹೊತ್ಕೊಂಡು ಹೋಗಿದ್ರು. ಮಳೆ ಅಂದ್ರೆ ಮಳೆ.

ಆಶಾ ಅಕ್ಕ: ಅದಕ್ಕೇ ಹೇಳ್ತಿರೋದು ಅಮ್ಮ. ಹೆರಿಗೇಲಿ ಎಲ್ಲರಿಗೂ ರಕ್ತ ಹೋಗ್ತದೆ. ಮೈಯಲ್ಲಿ ರಕ್ತ ಚೆನ್ನಾಗಿದ್ದೋಳು ತಡ್ಕೊಳ್ತಾಳೆ. ರಕ್ತ ಕಡಿಮೆ ಇದ್ದೋಳಿಗೆ ಅಷ್ಟೇ ಹೋದ್ರೂ ಜೀವಕ್ಕೆ ಅಪಾಯ. ಇವಳ ಹೆರಿಗೆ ಸೆಪ್ಟೆಂಬರಿಗೆ. ಆಗ ಇನ್ನೂ ಮಳೆ ಇರ್ತದೆ. ಗುಡ್ಡ ಜರಿದು ರಸ್ತೆ ಬಂದಾದ್ರೆ ಎಂತ ಮಾಡದು?

ಅತ್ತೆ: ಹೌದೇ ಮಾರಾಯ್ತಿ. ಆದ್ರೆ ಆ ಕೆಂಪು ಮಾತ್ರೆ ತಿಂದ್ರೆ ಮಗು ಕಪ್ಪಾಗ್ತದೆ ಅಂತಾರಲ್ಲ?

ಆಶಾ ಅಕ್ಕ: ಮಗು ಬಣ್ಣ ಅಪ್ಪ ಅಮ್ಮನಿಂದ ಬರೋದು. ಮಾತ್ರೆಯಿಂದ ಅಲ್ಲ. ಕಪ್ಪಾಗೋದು ಮಲ ಮಾತ್ರ. ಅದಕ್ಕೆ ಹೆದರಬೇಡಿ.

ಸೊಸೆ: ನಾನು ತಗೊಂಡಿದ್ದೆ ಅಕ್ಕ. ಹೊಟ್ಟೆ ತೊಳೆಸ್ತು. ಬಿಟ್ಟುಬಿಟ್ಟೆ.

ಆಶಾ ಅಕ್ಕ: ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ ತಗೋ. ನೀರಿಗೆ ಲಿಂಬೆ ಹಿಂಡಿ ಕುಡಿ. ನಾಲ್ಕು ದಿನಕ್ಕೆ ಮೈ ಒಗ್ಗಿಕೊಳ್ತದೆ. ನಿನಗೆ ರಕ್ತ ಕಡಿಮೆ ಇರೋದಕ್ಕೆ ಡಾಕ್ಟ್ರು ದಿನಕ್ಕೆ ಎರಡು ಬರೆದಿದ್ದಾರೆ. ಒಂದು ಬಿಟ್ಟು ಒಂದು ದಿನ ಮರೀಬೇಡ.

ಅತ್ತೆ: ನಾನು ನೆನಪು ಮಾಡ್ತೆ. ಕ್ಯಾಲೆಂಡರಿನಲ್ಲಿ ಗೀಟು ಹಾಕ್ತೆ. ಇನ್ನು ಮೇಲೆ ಇವಳು ನಮ್ಮ ಜೊತೇಲೇ ಉಣ್ಲಿ.

ಆಶಾ ಅಕ್ಕ: ನೀವೂ ಒಂದು ಸಲ ರಕ್ತ ನೋಡಿಸ್ಕೊಳ್ಳಿ ಅಮ್ಮ.

ಅತ್ತೆ: ನಂಗೆ ಎಂತಕೆ ಇನ್ನು?

ಆಶಾ ಅಕ್ಕ: ಏರು ಹತ್ತುವಾಗ ಮೂರು ಕಡೆ ಕೂತ್ಕೊಳ್ತೀರಲ್ಲ, ಅದಕ್ಕೆ.

ಅತ್ತೆಯೂ ಹೋದರು. ಅವರ ರಕ್ತ 10.1 ಇತ್ತು. ಹೆಂಗಸಿಗೆ 12 ಇರಬೇಕು. ಅವರಿಗೂ ಮಾತ್ರೆ ಸಿಕ್ಕಿತು. ಎರಡು ತಿಂಗಳ ಮೇಲೆ ಸೊಸೆಯ ರಕ್ತ 10.0ಕ್ಕೆ ಏರಿತು. ಇನ್ನೂ 11 ಆಗಿರಲಿಲ್ಲ. ಆದರೆ ದಾರಿ ಸರಿಯಾಗಿತ್ತು. ಮಾತ್ರೆ ಮುಂದುವರಿಯಿತು.

ನಿಮ್ಮ ಅಂಕಿ ನಿಮಗೆ ಗೊತ್ತಿರಲಿ

ನೀವು ಈಗ ಓದಲು ಕಲಿತಿದ್ದೀರಿ. ಅಂಕಿ ಗುರುತಿಸಲು ಕಲಿತಿದ್ದೀರಿ. ಆ ಕಲಿಕೆಯನ್ನು ನಿಮ್ಮ ಮೈಯ ಸಲುವಾಗಿ ಬಳಸಿ.

ಪರೀಕ್ಷೆಯ ಚೀಟಿಯಲ್ಲಿ ಇಂಗ್ಲಿಷಿನ ಎರಡು ಅಕ್ಷರ ಇರುತ್ತದೆ. ಎಚ್ ಮತ್ತು ಬಿ. ಎಚ್ ಎಂದರೆ ಎರಡು ಕಂಬದ ನಡುವೆ ಒಂದು ಅಡ್ಡಪಟ್ಟಿ ಇದ್ದ ಹಾಗೆ. ಚಿಕ್ಕ ಬಿ ಎಂದರೆ ಒಂದು ಕೋಲಿನ ಬುಡಕ್ಕೆ ಬಲಗಡೆ ಒಂದು ಹೊಟ್ಟೆ ಇದ್ದ ಹಾಗೆ. ಅದರ ಮುಂದೆ ಬರೆದ ಅಂಕಿಯೇ ನಿಮ್ಮ ಹಿಮೋಗ್ಲೋಬಿನ್. ಬಸುರಿಯರ ತಾಯಿ ಕಾರ್ಡಿನಲ್ಲಿಯೂ ಇದನ್ನು ಬರೆಯುತ್ತಾರೆ.

ಹೆಂಗಸರಿಗೆ: 12 ಅಥವಾ ಹೆಚ್ಚು ಇರಬೇಕು.
ಬಸುರಿಯರಿಗೆ: 11 ಅಥವಾ ಹೆಚ್ಚು ಇರಬೇಕು.
ಬಸುರಿಗೆ 7ಕ್ಕಿಂತ ಕಡಿಮೆ ಇದ್ದರೆ: ತೀರಾ ಅಪಾಯ. ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

"ರಕ್ತ ಸ್ವಲ್ಪ ಕಡಿಮೆ ಇದೆ" ಎಂದರೆ ಸಾಲದು. "ಎಷ್ಟಿದೆ?" ಎಂದು ಕೇಳಿ. ಕೇಳುವುದು ನಮ್ಮ ಹಕ್ಕು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಬೆರಳ ತುದಿಯ ಒಂದು ಹನಿ ರಕ್ತ ಸಾಕು.

ವಿಟಮಿನ್ ಎಂದರೆ ಏನು?

ಅನ್ನ, ರೊಟ್ಟಿ, ಎಣ್ಣೆ ನಮಗೆ ಶಕ್ತಿ ಕೊಡುತ್ತವೆ. ಅವು ಒಲೆಗೆ ಕಟ್ಟಿಗೆ ಇದ್ದ ಹಾಗೆ. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು ಮೈ ಕಟ್ಟುತ್ತವೆ. ವಿಟಮಿನ್ ಬೆಂಕಿಕಡ್ಡಿ ಇದ್ದ ಹಾಗೆ. ಬೇಕಾದದ್ದು ಒಂದು ಚೂರು. ಆದರೆ ಅದಿಲ್ಲದೆ ಕಟ್ಟಿಗೆ ರಾಶಿ ಇದ್ದರೂ ಒಲೆ ಹತ್ತುವುದಿಲ್ಲ.

ಇದು ಮನುಷ್ಯರಿಗೆ ತಿಳಿದದ್ದು ಹೇಗೆ? ಎರಡು ಕತೆ ಇವೆ. ಎರಡೂ ನಡೆದದ್ದೇ.

ಮೊದಲನೆಯದು ಕೋಳಿಗಳ ಕತೆ. 1890ರ ಸುಮಾರು. ಜಾವಾ ಎಂಬ ದ್ವೀಪ. ಈಗ ಅದು ಇಂಡೋನೇಷ್ಯಾ ದೇಶದಲ್ಲಿದೆ. ಅಲ್ಲಿ ಬೆರಿಬೆರಿ ಎಂಬ ರೋಗ ಇತ್ತು. ಜನರ ಕೈಕಾಲು ಸೋತು ಹೋಗುತ್ತಿತ್ತು. ಐಕ್‌ಮನ್ ಎಂಬ ಡಾಕ್ಟರು ಕಾರಣ ಹುಡುಕುತ್ತಿದ್ದರು. ಅವರು ಸಾಕಿದ ಕೋಳಿಗಳಿಗೂ ಕಾಲು ಸೋತಿತು. ನೋಡಿದರೆ, ಆ ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯ ಬಿಳಿ ಅಕ್ಕಿಯ ಅನ್ನ ಹಾಕುತ್ತಿದ್ದರು. ತೌಡು ತೆಗೆಯದ ಅಕ್ಕಿ ಹಾಕಿದ ಮೇಲೆ ಕೋಳಿಗಳು ಚೇತರಿಸಿಕೊಂಡವು. ತೌಡಿನಲ್ಲಿ ಇದ್ದದ್ದು ಬಿ ಗುಂಪಿನ ಒಂದು ವಿಟಮಿನ್ ಎಂದು ಆಮೇಲೆ ತಿಳಿಯಿತು. 1912ರಲ್ಲಿ ಫಂಕ್ ಎಂಬ ವಿಜ್ಞಾನಿ ಇಂಥ ವಸ್ತುಗಳಿಗೆ ಹೆಸರು ಇಟ್ಟರು. ಅದೇ ಇಂದಿನ "ವಿಟಮಿನ್". ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮ ಕುಚ್ಚಲಕ್ಕಿ ಒಳ್ಳೆಯದು ಎನ್ನುವುದು ಇದಕ್ಕೇ. ಭತ್ತವನ್ನು ಬೇಯಿಸಿ ಒಣಗಿಸುವಾಗ ಈ ವಿಟಮಿನ್ ಕಾಳಿನ ಒಳಗೆ ಇಳಿಯುತ್ತದೆ. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿ ನೋಡಲು ಚೆಂದ. ಸತ್ವ ಮಾತ್ರ ತೌಡಿನ ಜೊತೆ ದನಕ್ಕೆ ಹೋಗಿರುತ್ತದೆ.

ಎರಡನೆಯದು ಹೆಂಗಸರ ಕತೆ. 1928ರಲ್ಲಿ ಇಂಗ್ಲೆಂಡಿನ ಒಬ್ಬ ವೈದ್ಯೆ ಮುಂಬಯಿಗೆ ಬಂದರು. ಅವರ ಹೆಸರು ಲೂಸಿ ವಿಲ್ಸ್. ಬಟ್ಟೆ ಗಿರಣಿಯಲ್ಲಿ ದುಡಿಯುವ ಬಡ ಬಸುರಿಯರಲ್ಲಿ ರಕ್ತಹೀನತೆ ಕಂಡರು. ಅವರ ಊಟ ಏನು ಎಂದು ವಿಚಾರಿಸಿದರು. ಪ್ರಯೋಗ ಮಾಡಿದರು. ಹುದುಗಿನ ಸಾರ ಕೊಟ್ಟಾಗ ಆ ಹೆಂಗಸರ ರಕ್ತ ಸುಧಾರಿಸಿತು. 1931ರಲ್ಲಿ ಇದನ್ನು ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 1941ರಲ್ಲಿ, ವಿಜ್ಞಾನಿಗಳು ಅಂಥದೇ ಗುಣದ ವಸ್ತುವನ್ನು ಪಾಲಕ್ ಸೊಪ್ಪಿನಿಂದ ತೆಗೆದರು. ಲ್ಯಾಟಿನ್ ಭಾಷೆಯಲ್ಲಿ "ಫೋಲಿಯಂ" ಎಂದರೆ ಎಲೆ. ಅದಕ್ಕೇ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರು. ಬಸುರಿಯರ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವುದು ಇದೇ.

ನೋಡಿ, ಕೂಲಿ ಹೆಂಗಸರ ಸುಸ್ತನ್ನು ಒಬ್ಬ ಹೆಂಗಸು "ಸೋಮಾರಿತನ" ಎನ್ನಲಿಲ್ಲ. "ಏನು ಉಣ್ಣುತ್ತೀರಿ?" ಎಂದು ಕೇಳಿದರು. ಅದರಿಂದ ಇಡೀ ಜಗತ್ತಿಗೆ ಉಪಕಾರ ಆಯಿತು.

ಸತ್ವ ಎಲ್ಲಿದೆ?

ಎಲ್ಲವನ್ನೂ ಅಂಗಡಿಯಿಂದ ತರಬೇಕಾಗಿಲ್ಲ. ನಮ್ಮ ಹಿತ್ತಲು, ಹೊಳೆದಂಡೆ, ತೋಟದ ಬದಿ ನೋಡೋಣ.

ಕಬ್ಬಿಣದ ಅಂಶ: ಹುರುಳಿ, ಹೆಸರು, ಅಲಸಂದೆ ಕಾಳು, ಎಳ್ಳು, ರಾಗಿ. ನುಗ್ಗೆ ಸೊಪ್ಪು, ಹರಿವೆ, ಬಸಳೆ. ಮೀನು, ಕೋಳಿ, ಮಾಂಸ, ಈಲಿ ತಿನ್ನುವವರಿಗೆ ಅದರಿಂದಲೂ ಸಿಗುತ್ತದೆ. ನೂರು ಗ್ರಾಂ ಹುರುಳಿಯಲ್ಲಿ 8 ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ಇದೆ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ.

ಫೋಲಿಕ್ ಆಮ್ಲ: ಹಸಿರು ಸೊಪ್ಪು, ಕಾಳುಗಳು. ಸೊಪ್ಪನ್ನು ಮೊದಲು ತೊಳೆಯಿರಿ, ಆಮೇಲೆ ಹೆಚ್ಚಿ. ಹೆಚ್ಚು ಹೊತ್ತು ಬೇಯಿಸಬೇಡಿ.

ವಿಟಮಿನ್ ಸಿ: ನೆಲ್ಲಿಕಾಯಿ, ಲಿಂಬೆ, ಪೇರಲೆ ಹಣ್ಣು. ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತಲು ಇದು ಸಹಾಯ ಮಾಡುತ್ತದೆ. ಆದ್ದರಿಂದ ಹುರುಳಿ ಸಾರಿಗೆ, ಹರಿವೆ ಪಲ್ಯಕ್ಕೆ, ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿ. ಊಟದ ಜೊತೆ ಒಂದು ಹಸಿ ನೆಲ್ಲಿಕಾಯಿ ಕಚ್ಚಿಕೊಳ್ಳಿ.

ವಿಟಮಿನ್ ಬಿ-12: ಇದೂ ರಕ್ತಕ್ಕೆ ಬೇಕು. ಸೊಪ್ಪಿನಲ್ಲಿ ಇದು ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಇದೆ. ಹಾಲನ್ನೆಲ್ಲ ಡೈರಿಗೆ ಹಾಕಿ, ಮನೆಯವರಿಗೆ ಕರಿ ಚಹಾ ಮಾಡುವವರು ಯೋಚಿಸಬೇಕು. ದಿನಕ್ಕೆ ಒಂದು ಲೋಟ ಹಾಲೋ ಮೊಸರೋ ನಿಮಗೂ ಇರಲಿ.

ವಿಟಮಿನ್ ಎ: ನುಗ್ಗೆ ಸೊಪ್ಪು, ಹರಿವೆ, ಪಪ್ಪಾಯ, ಮಾವಿನ ಹಣ್ಣು, ಸಿಹಿಗುಂಬಳ. ಕಣ್ಣಿಗೆ ಒಳ್ಳೆಯದು.

ವಿಟಮಿನ್ ಡಿ: ಬಿಸಿಲು ಮೈಗೆ ಬಿದ್ದರೆ ಚರ್ಮದಲ್ಲೇ ತಯಾರಾಗುತ್ತದೆ. ಎಲುಬಿಗೂ ಸ್ನಾಯುವಿಗೂ ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಬಿಸಿಲು ಅಪರೂಪ. ಬಿಸಿಲು ಬಿದ್ದ ದಿನ ಸ್ವಲ್ಪ ಹೊತ್ತು ಅಂಗಳದಲ್ಲಿ ಕೂರಿ.

ಮಳೆಗಾಲಕ್ಕೆ ಮುಂಚಿನ ತಯಾರಿ

ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುತ್ತೇವೆ. ಹಪ್ಪಳ, ಉಪ್ಪಿನಕಾಯಿ ಮಾಡಿಡುತ್ತೇವೆ. ಹಾಗೆಯೇ ಸತ್ವವನ್ನೂ ಕೂಡಿಡಬೇಕು. ಹುರುಳಿ, ಹೆಸರು ತಂದು ಒಣಗಿಸಿ ಡಬ್ಬಿಗೆ ಹಾಕಿ. ಹಲಸಿನ ಬೀಜ ಮಣ್ಣು ಸವರಿ ಇಟ್ಟಿರುತ್ತೀರಲ್ಲ, ಅದು ಹೊಟ್ಟೆ ತುಂಬಿಸುತ್ತದೆ. ಬಸಳೆ ಚಪ್ಪರ ಹಾಕಿ. ನುಗ್ಗೆಯ ಕೊಂಬೆ ಮಾಡಿನ ಬದಿಗೆ, ನೀರು ನಿಲ್ಲದ ಕಡೆ ನೆಡಿ. ಕಾಳನ್ನು ಮೊಳಕೆ ಬರಿಸಿ ಬಳಸಿ. ಮೊಳಕೆಯಲ್ಲಿ ಸತ್ವ ಹೆಚ್ಚು.

ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ ನಮ್ಮ ಮಲೆನಾಡಿನ ಊಟ. ಬಿಡಬೇಡಿ. ಹುಳಿ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಸ್ವಲ್ಪ ಕಬ್ಬಿಣ ಊಟಕ್ಕೂ ಇಳಿಯುತ್ತದೆ.

ಪಡಿತರ ಅಕ್ಕಿಯಲ್ಲಿ ಕೆಲವು ಕಾಳು ಬೇರೆ ಥರ ಇರುವುದನ್ನು ನೋಡಿರಬಹುದು. ನೀರಿಗೆ ಹಾಕಿದರೆ ತೇಲುವುದೂ ಉಂಟು. "ಪ್ಲಾಸ್ಟಿಕ್ ಅಕ್ಕಿ" ಎಂದು ಹೆದರಿ ಆರಿಸಿ ಬಿಸಾಡುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿ ಕಾಳಿನ ಹಾಗೆ ಮಾಡಿರುತ್ತಾರೆ. ನೂರು ಕಾಳಿಗೆ ಒಂದರಂತೆ ಸೇರಿಸಿರುತ್ತಾರೆ. 2024ರ ಮಾರ್ಚ್ ಹೊತ್ತಿಗೆ ದೇಶದ ಪಡಿತರದಲ್ಲೆಲ್ಲ ಇಂಥ ಅಕ್ಕಿ ಬಂದಿತ್ತು. ಅಂಥ ಕಾಳು ಕಂಡರೆ ಎಸೆಯಬೇಡಿ. ಹೆಚ್ಚು ಸಲ ತೊಳೆಯಬೇಡಿ. ಬಸಿದು ಗಂಜಿ ಚೆಲ್ಲಬೇಡಿ.

ಊಟದ ಜೊತೆ ಚಹಾ ಬೇಡ

ಚಹಾ, ಕಾಫಿಯಲ್ಲಿ ಒಗರು ಇದೆ. ಊಟದ ಜೊತೆಗೇ ಕುಡಿದರೆ ಆ ಒಗರು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರ ಇರಲಿ. ಹಸಿವೆ ಮುಚ್ಚಲು ಚಹಾ ಕುಡಿಯುವುದು ಬೇಡ. ಎಲೆ ಅಡಿಕೆ ಹಾಕಿಕೊಂಡು ಮಧ್ಯಾಹ್ನ ಕಳೆಯುವುದೂ ಬೇಡ. ಅಡಿಕೆ ನಮಗೆ ಅನ್ನ ಕೊಡುವ ಬೆಳೆ ಹೌದು. ಆದರೆ ಅದು ಊಟ ಅಲ್ಲ. ಅಡಿಕೆ ಜಗಿಯುವ ಅಭ್ಯಾಸದಿಂದ, ಅದರಲ್ಲೂ ಹೊಗೆಸೊಪ್ಪು ಸೇರಿಸಿದರೆ, ಬಾಯಿ ಕ್ಯಾನ್ಸರ್ ಬರುತ್ತದೆ.

ಊಟ ಸಾಕೇ? ಮಾತ್ರೆ ಬೇಕೇ?

ರಕ್ತ ಸರಿಯಾಗಿದ್ದರೆ ಒಳ್ಳೆಯ ಊಟದಿಂದ ಅದನ್ನು ಕಾಪಾಡಿಕೊಳ್ಳಬಹುದು. ಆದರೆ ಒಮ್ಮೆ ಕಡಿಮೆ ಆಗಿದ್ದರೆ ಸೊಪ್ಪು ಒಂದೇ ಸಾಲದು. ಸೊಪ್ಪಿನ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಆಗ ಮಾತ್ರೆ ಬೇಕು, ಊಟವೂ ಬೇಕು.

ಕಬ್ಬಿಣದ ಮಾತ್ರೆ ಹಂಚುವ ಕಾರ್ಯಕ್ರಮ ನಮ್ಮ ದೇಶದಲ್ಲಿ 1970ರಲ್ಲೇ ಶುರುವಾಯಿತು. 2018ರಲ್ಲಿ ಅದಕ್ಕೆ "ರಕ್ತಹೀನತೆ ಮುಕ್ತ ಭಾರತ" ಎಂಬ ಹೊಸ ರೂಪ ಬಂತು. ಬಸುರಿಯರು ನಾಲ್ಕನೆಯ ತಿಂಗಳಿಂದ ದಿನಕ್ಕೆ ಒಂದರಂತೆ 180 ದಿನ ತಗೊಳ್ಳಬೇಕು. ಹೆರಿಗೆಯ ನಂತರ ಮತ್ತೆ 180 ದಿನ. ರಕ್ತ ಕಡಿಮೆ ಇದ್ದವರಿಗೆ ಡಾಕ್ಟರು ಹೆಚ್ಚು ಬರೆಯುತ್ತಾರೆ. ಮಾತ್ರೆ ತಗೊಂಡು ಮಲ ಕಪ್ಪಾದರೆ ಹೆದರಬೇಡಿ. ಮಲಬದ್ಧತೆ ಆದರೆ ನೀರು, ಸೊಪ್ಪು, ಹಣ್ಣು ಹೆಚ್ಚು ಮಾಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಬೇಡಿ. ಒಂದು ಬೆಳಗ್ಗೆ, ಒಂದು ರಾತ್ರಿ ಇರಲಿ. ಸುಸ್ತು ಕಡಿಮೆಯಾಯಿತೆಂದು ನಡುವೆ ಬಿಡಬೇಡಿ. ಮಾತ್ರೆಯ ಪಟ್ಟಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಿಠಾಯಿ ಅಂದುಕೊಂಡು ತಿಂದರೆ ಮಗುವಿನ ಜೀವಕ್ಕೆ ಅಪಾಯ.

ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ "ಮಾತೃಪೂರ್ಣ" ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಶುರುವಾಯಿತು. ನಿಮ್ಮ ಊರಿನ ಅಂಗನವಾಡಿಯಲ್ಲಿ ನಿಮಗೆ ಏನೇನು ಸಲ್ಲಬೇಕು ಎಂದು ಕೇಳಿ ತಿಳಿದುಕೊಳ್ಳಿ.

ಹುಳುವಿನ ಕಾಟ

ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಲ್ಲಿ ಇರುತ್ತದೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ತೋಟ, ಗದ್ದೆ, ಬಯಲಿಗೆ ಹೋಗುವ ಜಾಗದಲ್ಲಿ ಎಚ್ಚರ. ಕಾಲಿಗೆ ಚಪ್ಪಲಿ ಹಾಕಿ. ಪಾಯಿಖಾನೆ ಬಳಸಿ. ಜಂತುಹುಳುವಿನ ಮಾತ್ರೆ ಆಸ್ಪತ್ರೆಯಲ್ಲಿ ಸಿಗುತ್ತದೆ. ಬಸುರಿಯರು ಮೊದಲ ಮೂರು ತಿಂಗಳಲ್ಲಿ ಅದನ್ನು ತಗೊಳ್ಳಬಾರದು. ಆಮೇಲೆ ಡಾಕ್ಟರನ್ನು ಕೇಳಿ ತಗೊಳ್ಳಬೇಕು.

ಹಣ ದಂಡ ಮಾಡಬೇಡಿ

ಸುಸ್ತು ಎಂದರೆ ಕೆಲವರು ಬಾಟಲಿ ಟಾನಿಕ್ ಕೊಳ್ಳುತ್ತಾರೆ. ಕೆಲವರು "ಒಂದು ಗ್ಲೂಕೋಸ್ ಏರಿಸಿಬಿಡಿ" ಎನ್ನುತ್ತಾರೆ. ಗ್ಲೂಕೋಸ್ ಎಂದರೆ ಸಕ್ಕರೆ ನೀರು. ಅದರಿಂದ ರಕ್ತ ಹೆಚ್ಚುವುದಿಲ್ಲ. ಪರೀಕ್ಷೆ ಇಲ್ಲದೆ ವಿಟಮಿನ್ ಮಾತ್ರೆ ರಾಶಿ ನುಂಗಿದರೂ ಪ್ರಯೋಜನ ಇಲ್ಲ. ಕೆಲವು ವಿಟಮಿನ್ ಅತಿಯಾದರೆ ಕೆಡುಕೂ ಉಂಟು. ಎರಡು ದಿನದ ಕೂಲಿಯನ್ನು ಟಾನಿಕ್ಕಿಗೆ ಹಾಕುವ ಬದಲು ಹುರುಳಿ, ಮೊಟ್ಟೆ, ಹಾಲಿಗೆ ಹಾಕಿ. ಮೊದಲು ಪರೀಕ್ಷೆ, ಆಮೇಲೆ ಔಷಧಿ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಎಲ್ಲ ಸುಸ್ತೂ ರಕ್ತಹೀನತೆ ಅಲ್ಲ. ಸಕ್ಕರೆ ಕಾಯಿಲೆ, ಥೈರಾಯಿಡ್ ತೊಂದರೆ, ಕ್ಷಯ ಇದ್ದರೂ ಸುಸ್ತಾಗುತ್ತದೆ. ಮನಸ್ಸಿಗೆ ನೋವಿದ್ದರೂ ಮೈ ಸೋಲುತ್ತದೆ. ಈ ಲಕ್ಷಣ ಇದ್ದರೆ ತಡ ಮಾಡಬೇಡಿ:

ಮುಟ್ಟಿನಲ್ಲಿ ತುಂಬಾ ರಕ್ತ ಹೋಗುವುದು, ಗಡ್ಡೆ ಗಡ್ಡೆ ಬೀಳುವುದು.
ಎರಡು ವಾರ ಮೀರಿದ ಕೆಮ್ಮು, ಮೈ ಇಳಿಯುವುದು.
ಮುಖ, ಕಾಲು ಬಾತುಕೊಳ್ಳುವುದು. ಕೂತಲ್ಲೇ ಏದುಸಿರು.
ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು, ನಿತ್ರಾಣ.

ಕೊನೆಯದು ನಮ್ಮ ಜಿಲ್ಲೆಯವರಿಗೆ ಮುಖ್ಯ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇದು ಉಣುಗು ಕಚ್ಚುವುದರಿಂದ ಬರುತ್ತದೆ. ಬೇಸಿಗೆಯಲ್ಲಿ ದರಕು, ಕಟ್ಟಿಗೆಗೆ ಕಾಡಿಗೆ ಹೋಗಿ ಬಂದ ಮೇಲೆ ಇಂಥ ಜ್ವರ ಬಂದರೆ "ಕೆಲಸದ ಸುಸ್ತು" ಎಂದು ಮಲಗಬೇಡಿ. ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ.

ರಕ್ತ ಕಡಿಮೆ ಇರುವ ಬಸುರಿ ಮನೆಯಲ್ಲಿ ಹೆರಬಾರದು. ಮಳೆ ಜೋರಾಗುವ ಮೊದಲೇ ಎಲ್ಲಿ ಹೆರಿಗೆ, ಯಾವ ಗಾಡಿ, ಜೊತೆಗೆ ಯಾರು ಎಂದು ಮನೆಯವರು ಕೂತು ತೀರ್ಮಾನಿಸಿ. ದಿನ ತುಂಬುವ ಮುಂಚೆ ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ನೆಂಟರ ಮನೆ ಇದ್ದರೆ ಅಲ್ಲಿರುವುದು ಒಳ್ಳೆಯದು. ತೀರಾ ಕಷ್ಟ ಇದ್ದವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ. ಆಂಬುಲೆನ್ಸಿಗೆ 108 ನಂಬರಿಗೆ ಫೋನ್ ಮಾಡಿ.

ಮನೆಯವರೆಲ್ಲರ ಕೆಲಸ

ಬರೀ ಮಾತ್ರೆಯಿಂದ ದಣಿವು ಹೋಗುವುದಿಲ್ಲ. ದುಡಿಮೆಯೂ ಹಂಚಿಕೆ ಆಗಬೇಕು. ನೀರು ಗಂಡಸರೂ ಹೊರಬಹುದು. ಮಗ ಪಾತ್ರೆ ತೊಳೆದರೆ ಅವನ ಕೈ ಸವೆಯುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಇದ್ದ ಪಲ್ಯವನ್ನು ಎಲ್ಲರಿಗೂ ಹಂಚೋಣ. ಬಡಿಸುವವಳ ತಟ್ಟೆಯೂ ಮೊದಲೇ ಹಾಕಿರಲಿ.

ಮಕ್ಕಳ ನಡುವೆ ಮೂರು ವರ್ಷವಾದರೂ ಅಂತರ ಇರಲಿ. ಹೆಣ್ಣು ಮಕ್ಕಳಿಗೆ ಮುಟ್ಟು ಶುರುವಾದಾಗಿನಿಂದಲೇ ಊಟದ ಕಡೆ ಗಮನ ಕೊಡಿ. ಇಂದಿನ ಹುಡುಗಿ ನಾಳೆಯ ತಾಯಿ.

ಓದಿದ್ದನ್ನು ನೆನೆಯೋಣ

1. ಈ ಪದಗಳನ್ನು ಓದಿ, ಬರೆಯಿರಿ: ದಣಿವು, ರಕ್ತಹೀನತೆ, ಕಬ್ಬಿಣ, ನೆಲ್ಲಿಕಾಯಿ, ಹುರುಳಿ, ವಿಟಮಿನ್.

2. ಬಿಟ್ಟ ಜಾಗ ತುಂಬಿಸಿ:
ಹೆಂಗಸರ ಹಿಮೋಗ್ಲೋಬಿನ್ ______ ಇರಬೇಕು.
ಬಸುರಿಯರಿಗೆ ______ ಇರಬೇಕು.
ಊಟಕ್ಕೂ ಚಹಾಕ್ಕೂ ______ ತಾಸಿನ ಅಂತರ ಇರಬೇಕು.

3. ಲೆಕ್ಕ ಮಾಡಿ: ಸೊಸೆಯ ರಕ್ತ ಮೊದಲು 8.4 ಇತ್ತು. ಆಮೇಲೆ 10.0 ಆಯಿತು. ಎಷ್ಟು ಹೆಚ್ಚಿತು? 11 ಆಗಲು ಇನ್ನೂ ಎಷ್ಟು ಬೇಕು?

4. ಮಾತಾಡೋಣ: ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಏಕೆ? ಅದನ್ನು ಬದಲಿಸಲು ಯಾರ ಹತ್ತಿರ ಮಾತಾಡಬೇಕು?

5. ಮಾಡೋಣ: ಈ ವಾರ ಗೆಳತಿಯರು ಸೇರಿ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಅಂಕಿಯನ್ನು ನಿಮ್ಮ ಕೈಯಾರೆ ಇಲ್ಲಿ ಬರೆಯಿರಿ.

ನನ್ನ ಹೆಸರು: ____________
ದಿನಾಂಕ: ____________
ನನ್ನ ಹಿಮೋಗ್ಲೋಬಿನ್: ____________
ಮೂರು ತಿಂಗಳ ನಂತರ: ____________